ಬಡಾವಣೆಗೊಂದು ಲೆಕ್ಕ

ಊರಿಗೆಲ್ಲ ಸೇರಿಸಿ ತೆಗೆದ ಸರಾಸರಿಯಲ್ಲಿ ಬಡಾವಣೆಗಳ ನಡುವಿನ ಅಂತರ ಮರೆಯಾಗುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಕೆಲವೇ ಮೈಲಿ ದೂರದ ಎರಡು ಬಡಾವಣೆಗಳ ಜನರ ಸರಾಸರಿ ಆಯಸ್ಸಿನಲ್ಲಿ ಸುಮಾರು 20 ವರ್ಷಗಳ ವ್ಯತ್ಯಾಸ ಕಂಡುಬಂದಿದೆ. ಬಡಾವಣೆವಾರು ಲೆಕ್ಕ ಇಟ್ಟಿದ್ದರಿಂದಲೇ ಇದು ಬಯಲಾಯಿತು.

ಈ ನಗರದಲ್ಲಿ ಅಂಥ ಲೆಕ್ಕಕ್ಕೆ 2000ದಲ್ಲಿ ಎರಡು ಕಡೆಯಿಂದ ಚಾಲನೆ ಸಿಕ್ಕಿತು. ಮೇಯರ್ ಮಾರ್ಟಿನ್ ಓಮ್ಯಾಲಿ ‘ಸಿಟಿಸ್ಟ್ಯಾಟ್’ ಎಂಬ ಪದ್ಧತಿ ತಂದರು. ಇಲಾಖೆಗಳ ಮುಖ್ಯಸ್ಥರು ಪದೇ ಪದೇ ನಡೆಯುವ ಸಭೆಗಳಲ್ಲಿ ತಮ್ಮ ಕೆಲಸದ ಅಂಕಿಅಂಶಗಳಿಗೆ ಉತ್ತರ ಕೊಡಬೇಕಿತ್ತು. ಅದೇ ವರ್ಷ ಆರಂಭವಾದ ‘ಬಾಲ್ಟಿಮೋರ್ ನೇಬರ್‌ಹುಡ್ ಇಂಡಿಕೇಟರ್ಸ್ ಅಲಯನ್ಸ್’ ಸಂಸ್ಥೆ ಮಾಹಿತಿಯನ್ನು ಜನರ ಕೈಗೇ ಕೊಡಲು ಹೊರಟಿತು. ಅದರ ವರದಿಯ ಹೆಸರು ‘ವೈಟಲ್ ಸೈನ್ಸ್’, ಅಂದರೆ ಜೀವಲಕ್ಷಣಗಳು. ವೈದ್ಯರು ರೋಗಿಯ ನಾಡಿ, ಜ್ವರ ನೋಡುವಂತೆ ಬಡಾವಣೆಯ ಆರೋಗ್ಯವನ್ನು ನೋಡುವುದು ಅದರ ಉದ್ದೇಶ.

ನಗರದ 270ಕ್ಕೂ ಹೆಚ್ಚು ಬಡಾವಣೆಗಳನ್ನು ಜನಗಣತಿಯ ಗಡಿಗಳಿಗೆ ಹೊಂದಿಸಿ 55 ಗುಂಪುಗಳಾಗಿ ಮಾಡಲಾಗಿದೆ. ಗಡಿ ಹೊಂದಿದರೆ ಮಾತ್ರ ಗಣತಿ, ಪೊಲೀಸ್, ಶಾಲೆ, ಆರೋಗ್ಯ ಇಲಾಖೆಗಳ ದಾಖಲೆಗಳನ್ನು ಒಂದೇ ನಕ್ಷೆಯ ಮೇಲೆ ಕೂಡಿಸಬಹುದು. ಮಕ್ಕಳ ರಕ್ತದಲ್ಲಿನ ಸೀಸ, ಶಾಲೆಗೆ ಗೈರುಹಾಜರಿ, ಮನೆಯ ಬೆಲೆ, ಅಪರಾಧ ಎಲ್ಲವೂ ಸೂಚಕಗಳೇ.

ಯಾವುದನ್ನು ಎಣಿಸಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಪಾಳುಮನೆಯನ್ನೇ ತೆಗೆದುಕೊಳ್ಳಬಹುದು. ಗೋಡೆಗೆ ಗೋಡೆ ತಾಗಿ ನಿಂತ ಸಾಲುಮನೆಗಳ ನಡುವೆ ಒಂದರ ಚಾವಣಿ ಕುಸಿದಿರುತ್ತದೆ, ಕಿಟಕಿಗೆ ಹಲಗೆ ಬಡಿದಿರುತ್ತದೆ. ಪರಿಶೀಲಕರು ಬಂದು ‘ಯಾರೂ ಇಲ್ಲ, ವಾಸಕ್ಕೆ ತಕ್ಕದ್ದಲ್ಲ’ ಎಂದು ನೋಟಿಸ್ ಕೊಟ್ಟಾಗಲೇ ಅದು ಲೆಕ್ಕಕ್ಕೆ ಸೇರುವುದು. ಸುಸ್ಥಿತಿಯಲ್ಲಿದ್ದು ಬರೀ ಬೀಗ ಬಿದ್ದಿರುವ ಪಕ್ಕದ ಮನೆ ಆ ಪಟ್ಟಿಯಲ್ಲಿರುವುದಿಲ್ಲ.

ದೂರುಗಳ ಲೆಕ್ಕಕ್ಕೆ ಇನ್ನೂ ಎಚ್ಚರ ಬೇಕು. ತುರ್ತಲ್ಲದ ಕರೆಗಳಿಗೆಂದು 311 ಸಂಖ್ಯೆ ಅಮೆರಿಕದಲ್ಲಿ ಮೊದಲು ಬಳಕೆಗೆ ಬಂದದ್ದು ಬಾಲ್ಟಿಮೋರ್‌ನಲ್ಲೇ, 1996ರಲ್ಲಿ. ಕಸ ತುಂಬಿದ ಓಣಿ, ಕಟ್ಟಿಕೊಂಡ ಮಳೆನೀರಿನ ಚರಂಡಿ ಕುರಿತ ದೂರುಗಳನ್ನು ಪ್ರತಿ 1,000 ನಿವಾಸಿಗಳಿಗೆ ಇಷ್ಟೆಂದು ಲೆಕ್ಕ ಹಾಕುತ್ತಾರೆ. ದೂರು ಹೆಚ್ಚಿದ್ದರೆ ಕಸ ಹೆಚ್ಚಿದೆ ಎಂದೂ ಆಗಬಹುದು, ಕೇಳಿದರೆ ಕೆಲಸ ಆಗುತ್ತದೆಂಬ ನಂಬಿಕೆ ಜನರಲ್ಲಿದೆ ಎಂದೂ ಆಗಬಹುದು. ಆ ನಂಬಿಕೆ ಸತ್ತ ಕಡೆ ಫೋನೇ ಬರುವುದಿಲ್ಲ, ನಕ್ಷೆಯಲ್ಲಿ ಓಣಿ ಸ್ವಚ್ಛವಾಗಿ ಕಾಣುತ್ತದೆ. ಆದ್ದರಿಂದ ದೂರಿನ ಸಂಖ್ಯೆಯನ್ನು ಪಾಳುಮನೆ, ಆರೋಗ್ಯ, ಆದಾಯದ ಅಂಕಿಗಳ ಜೊತೆಗಿಟ್ಟು, ಹಲವು ವರ್ಷಗಳ ಏರಿಳಿತ ನೋಡಿ ಓದಬೇಕಾಗುತ್ತದೆ.