ಯಾಂಗ್‌ಟ್ಸಿಯ ದೈತ್ಯ ಆಮೆ

ಆಮೆ ಎಂದೊಡನೆ ಕಲ್ಲಿನಂಥ ಗಟ್ಟಿ ಚಿಪ್ಪು ನೆನಪಾಗುತ್ತದೆ. ಆದರೆ ಎಲ್ಲ ಆಮೆಗಳೂ ಹಾಗಿಲ್ಲ. ನಮ್ಮ ಕೃಷ್ಣಾ, ಕಾವೇರಿಗಳಲ್ಲಿಯೇ ಬೆನ್ನಿಗೆ ಚರ್ಮ ಹೊದ್ದ, ಚಪ್ಪಟೆ ಮೈಯ ಮೆದುಚಿಪ್ಪಿನ ಆಮೆಗಳಿವೆ. ಇದೇ ಕುಟುಂಬಕ್ಕೆ ಸೇರಿದ್ದು ಯಾಂಗ್‌ಟ್ಸಿಯ ದೈತ್ಯ ಆಮೆ. ಶಾಸ್ತ್ರೀಯ ಹೆಸರು ರಾಫೆಟಸ್ ಸ್ವಿನ್‌ಹೋಯಿ. ಚೀನದ ಯಾಂಗ್‌ಟ್ಸಿಯ ಕೆಳಭಾಗ ಮತ್ತು ವಿಯೆಟ್ನಾಮಿಗೆ ಹರಿಯುವ ಕೆಂಪು ನದಿ ಇದರ ನೆಲೆಗಳಾಗಿದ್ದವು. ಬೆಳೆದ ಆಮೆಯ ತೂಕ ನೂರು ಕಿಲೋ ದಾಟುವುದುಂಟು.

ಇಷ್ಟು ದೊಡ್ಡ ಪ್ರಾಣಿ ಕಣ್ಣಿಗೆ ಬೀಳುವುದೇ ಅಪರೂಪ. ಮೆದುಚಿಪ್ಪಿನ ಆಮೆಗಳು ತಳದ ಮರಳು, ಕೆಸರಿನಲ್ಲಿ ಹುದುಗಿ ಕೂರುತ್ತವೆ. ಉಸಿರಿಗೆ ಉದ್ದ ಕುತ್ತಿಗೆಯನ್ನು ಚಾಚಿ ಮೂಗಿನ ತುದಿಯನ್ನಷ್ಟೇ ನೀರಿನಿಂದ ಹೊರಗೆ ಇಡುತ್ತವೆ. ಚರ್ಮ ಮತ್ತು ಗಂಟಲಿನ ಒಳಪದರದ ಮೂಲಕ ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ಸ್ವಲ್ಪಮಟ್ಟಿಗೆ ಹೀರಬಲ್ಲವು.

ಹೆಣ್ಣು ನದೀತೀರದ ಮರಳಿನಲ್ಲಿ ಡಜನುಗಟ್ಟಲೆ ಮೊಟ್ಟೆ ಇಡುತ್ತದೆ. ಹಾಗಿದ್ದ ಮೇಲೆ ಸಂತತಿ ಕ್ಷೀಣಿಸಿದ್ದೇಕೆ ಎಂದು ವೀಕ್ಷಕರು ಕೇಳಬಹುದು. ಮರಿಗಳಲ್ಲಿ ಬಹುಪಾಲು ಹಕ್ಕಿಗೋ ಮೀನಿಗೋ ಆಹಾರವಾಗುತ್ತವೆ. ಈ ನಷ್ಟವನ್ನು ತುಂಬುವುದು ತಾಯಿಯ ದೀರ್ಘಾಯುಷ್ಯ: ಹಲವು ದಶಕ ಮೊಟ್ಟೆಯಿಟ್ಟರೆ ಒಂದೆರಡಾದರೂ ಉಳಿದಾವು. ಮಾಂಸಕ್ಕಾಗಿ ಬೆಳೆದ ಆಮೆಗಳನ್ನೇ ಹಿಡಿದಾಗ ಈ ಲೆಕ್ಕ ತಪ್ಪಿತು. ಅಣೆಕಟ್ಟೆಗಳ ನೀರು ಮರಳ ದಂಡೆಗಳನ್ನೂ ಮುಳುಗಿಸಿತು. ಉಳಿದ ಮುದಿ ಆಮೆಗಳು ಬಹುಕಾಲ ಬದುಕಿದ್ದರಿಂದ ಸಂತತಿ ನಿಂತುಹೋದದ್ದು ಹೊರಗೆ ತಿಳಿಯಲೇ ಇಲ್ಲ.

ಹನೋಯಿ ನಗರದ ಹೋನ್ ಕಿಯೆಂ ಕೆರೆಯನ್ನೇ ನೋಡಿ. ರಾಜ ಲೆ ಲೋಯ್ ತನ್ನ ಕತ್ತಿಯನ್ನು ಆಮೆಗೆ ಹಿಂದಿರುಗಿಸಿದನೆಂಬ ಐತಿಹ್ಯ ಆ ಕೆರೆಗಿದೆ. ಅಲ್ಲಿದ್ದ ಆಮೆ ತಲೆಯೆತ್ತಿದರೆ ಜನ ದಡದಲ್ಲಿ ನೆರೆಯುತ್ತಿದ್ದರು. ಅದು ಒಂಟಿ. 2016ರ ಜನವರಿಯಲ್ಲಿ ಸತ್ತಿತು.

ಚೀನದಲ್ಲಿ ಕೂಡಿಸುವ ಪ್ರಯತ್ನ ನಡೆಯಿತು. 2008ರಲ್ಲಿ ಚಾಂಗ್‌ಶಾ ಮೃಗಾಲಯದ ಹೆಣ್ಣನ್ನು ಸುಜೌ ಮೃಗಾಲಯದ ಗಂಡಿನ ಬಳಿಗೆ ತಂದರು. ಹೆಣ್ಣು ಮೊಟ್ಟೆಗಳನ್ನೇನೋ ಇಟ್ಟಿತು, ಒಂದೂ ಮರಿಯಾಗಲಿಲ್ಲ. ಹಿಂದೊಮ್ಮೆ ಇನ್ನೊಂದು ಗಂಡಿನೊಡನೆ ಕಾದಾಡಿದಾಗ ಈ ಗಂಡಿನ ಜನನೇಂದ್ರಿಯಕ್ಕೆ ಪೆಟ್ಟಾಗಿತ್ತೆಂದು 2015ರ ತಪಾಸಣೆಯಲ್ಲಿ ತಿಳಿಯಿತು. ಆಗ ಕೃತಕ ಗರ್ಭಧಾರಣೆ ಆರಂಭವಾಯಿತು. 2019ರ ಏಪ್ರಿಲ್‌ನಲ್ಲಿ ಐದನೆಯ ಪ್ರಯತ್ನದ ಮರುದಿನ ಹೆಣ್ಣು ಸತ್ತಿತು. ಏಳು ವರ್ಷ ಕಾದದ್ದೇ ದುಬಾರಿಯಾಯಿತೆಂದು ನನ್ನ ಅನಿಸಿಕೆ.

ಹನೋಯಿ ಬಳಿಯ ಡೋಂಗ್ ಮೋ ಕೆರೆಯಲ್ಲಿ 2020ರಲ್ಲಿ ಹಿಡಿದು ಪರೀಕ್ಷಿಸಿದ 86 ಕಿಲೋ ತೂಕದ ಆಮೆ ಹೆಣ್ಣೆಂದು ಖಚಿತವಾದಾಗ ಹೊಸ ಆಸೆ ಮೂಡಿತು. 2023ರ ಏಪ್ರಿಲ್‌ನಲ್ಲಿ ಅದರ ಶವ ನೀರಿನಲ್ಲಿ ತೇಲಿತು. ಅಲ್ಲಿಗೆ ಖಚಿತವಾಗಿ ತಿಳಿದಂತೆ ಉಳಿದದ್ದು ಸುಜೌದ ಗಂಡೊಂದೇ. ಸಮೀಪದ ಷುವಾನ್ ಖಾನ್ ಕೆರೆಯ ನೀರಿನಲ್ಲಿ ಈ ಜಾತಿಯ ಡಿಎನ್ಎ ಸಿಕ್ಕಿತೆಂದು 2018ರಲ್ಲಿ ಪ್ರಕಟವಾಗಿತ್ತು. ಪ್ರಾಣಿಯ ಮೈಯಿಂದ ಉದುರಿದ ಜೀವಕೋಶಗಳ ಜಾಡನ್ನು ಬೊಗಸೆ ನೀರಿನಲ್ಲಿ ಪತ್ತೆಹಚ್ಚುವ ವಿಧಾನವಿದು. ಅದರಿಂದ ಆಮೆ ಇರುವುದು ಗೊತ್ತಾಗುತ್ತದೆ. ಗಂಡೋ ಹೆಣ್ಣೋ ಎಂಬುದಕ್ಕೆ ಆಮೆಯನ್ನೇ ಹಿಡಿದು ನೋಡಬೇಕು.