ಮರಳಿನ ಕಣ ಹೇಳುವ ಗಾಳಿಯ ಕಥೆ

ಮೊರದಲ್ಲಿ ಅಕ್ಕಿ ಕೇರುವಾಗ ನೀವು ಗಮನಿಸಿರಬಹುದು. ಹೊಟ್ಟು ಹಾರಿ ದೂರ ಹೋಗುತ್ತದೆ, ನುಚ್ಚು ಅಂಚಿಗೆ ಸರಿಯುತ್ತದೆ, ಗಟ್ಟಿ ಅಕ್ಕಿ ಮೊರದಲ್ಲೇ ಉಳಿಯುತ್ತದೆ. ಮರುಭೂಮಿಯಲ್ಲಿ ಈ ಕೆಲಸವನ್ನು ಗಾಳಿ ಮಾಡುತ್ತದೆ.

ಬ್ರಿಟಿಷ್ ಸೇನೆಯ ಇಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಗಳಲ್ಲಿ ಸುತ್ತಾಡಿ, ಬಳಿಕ ಪ್ರಯೋಗಗಳನ್ನೂ ನಡೆಸಿ, ಇದರ ಲೆಕ್ಕಾಚಾರವನ್ನು 1941ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸುಮಾರು ಅರ್ಧ ಮಿಲಿಮೀಟರ್‌ಗಿಂತ ದಪ್ಪನೆಯ ಕಣಗಳು ನೆಲದಲ್ಲೇ ಉರುಳುತ್ತವೆ. ಅದಕ್ಕಿಂತ ಚಿಕ್ಕವು ಜಿಗಿಯುತ್ತಾ ಸಾಗುತ್ತವೆ. ಬಿರುಗಾಳಿಯಲ್ಲಿ ಕಾಲಿಗೆ ಚುರುಕ್ಕೆನಿಸುವುದು ಇವೇ. ಇನ್ನೂ ನಯವಾದ ಧೂಳು ಗಾಳಿಯಲ್ಲಿ ತೇಲಿ ದೇಶಗಳನ್ನೇ ದಾಟುತ್ತದೆ.

ಆದ್ದರಿಂದಲೇ ಮರಳು ದಿಬ್ಬಗಳ ಕಣಗಳು ಜರಡಿ ಹಿಡಿದಂತೆ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರುತ್ತವೆ. ಬರೀ ದಪ್ಪ ಹರಳು ಉಳಿದ ಜಾಗ ಕಂಡರೆ, ನಯವಾದದ್ದನ್ನು ಗಾಳಿ ಹೊತ್ತೊಯ್ದಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಆದರೆ ಕಣವೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಆ ಮರಳು ಯಾವ ಬಂಡೆಯಿಂದ, ಯಾವ ಹಳ್ಳದಿಂದ ಬಂತೆಂಬುದೂ ಮುಖ್ಯ. ಹಾಗಾಗಿ ದಿಬ್ಬದ ಆಕಾರವನ್ನೂ ನೋಡುತ್ತಾರೆ. ಅರ್ಧಚಂದ್ರಾಕಾರದ ದಿಬ್ಬದ ಎರಡು ಕೊಂಬುಗಳು ಗಾಳಿ ಹೋಗುವ ದಿಕ್ಕಿಗೆ ಚಾಚಿರುತ್ತವೆ. ನಕ್ಷತ್ರದಂತೆ ಕವಲೊಡೆದ ದಿಬ್ಬವಿದ್ದರೆ, ಅಲ್ಲಿ ಹಲವು ದಿಕ್ಕುಗಳಿಂದ ಗಾಳಿ ಬೀಸುತ್ತದೆಂದು ಅರ್ಥ.

ಸೌದಿ, ಒಮಾನ್, ಯುಎಇ ಮತ್ತು ಯಮನ್‌ಗಳಲ್ಲಿ ಹಬ್ಬಿರುವ ರುಬುಲ್ ಖಾಲಿ ಮರುಭೂಮಿಯ ವಿಸ್ತಾರ ಸುಮಾರು 6.5 ಲಕ್ಷ ಚದರ ಕಿಲೋಮೀಟರ್. ನಾವು ದಿನವೂ ಆಡುವ 'ಖಾಲಿ' ಎಂಬ ಪದವೇ ಅದರ ಹೆಸರಿನಲ್ಲಿದೆ. ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ 'ಶಮಾಲ್' ಗಾಳಿ ಇರಾಕ್ ಕಡೆಯ ಧೂಳನ್ನು ಕೊಲ್ಲಿಯ ಊರುಗಳ ಮೇಲೆ ಸುರಿಯುತ್ತದೆ. ಆ ಧೂಳು ಅರಬಿ ಸಮುದ್ರದ ಮೇಲೂ ಸಾಗುತ್ತದೆ.

ನಿಮ್ಮ ಪತಿಯೋ ಮಗನೋ ಅಲ್ಲಿ ದುಡಿಯುತ್ತಿದ್ದರೆ ಒಂದು ಮಾತು ನೆನಪಿಡಿ. ಕಾಲಿಗೆ ಬಡಿಯುವ ಮರಳು ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಇಳಿಯದು. ಒಂದು ಮಿಲಿಮೀಟರ್‌ನ ನೂರನೇ ಒಂದು ಭಾಗಕ್ಕಿಂತ ಸಣ್ಣ ಧೂಳು ಮೂಗು ದಾಟಿ ಒಳಸೇರುತ್ತದೆ. ಅಸ್ತಮಾ ಇದ್ದವರಿಗೆ ಅದು ಅಪಾಯ. ಬಿರುಗಾಳಿ ನಿಂತರೂ ಆ ಧೂಳು ಗಂಟೆಗಟ್ಟಲೆ ತೇಲುತ್ತಿರುತ್ತದೆ.

ಮುಂದಿನ ಸಲ ಫೋನಿನಲ್ಲಿ "ಈಗ ಗಾಳಿ ನಿಂತಿದೆ" ಎಂದರೆ, "ಕಿಟಕಿ ಈಗಲೇ ತೆರೆಯಬೇಡಿ, ಹೊರಗೆ ಹೋಗುವುದಾದರೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಹಾಕಿ" ಎಂದು ಹೇಳಲು ಮರೆಯದಿರಿ.