ಮೋಟಾರು ಎಂಜಿನಿಗೆ ನುಗ್ಗುವ ಕಳ್ಳಗಾಳಿ

ಸೈಕಲ್ಲಿನ ಟ್ಯೂಬು ತೂತಾದರೆ ಗಾಳಿಯು ಒಳಗಿನಿಂದ ಹೊರಗೆ ಹೋಗುವುದು. ಪೆಟ್ರೋಲು ಕಾರಿನ ಎಂಜಿನಿನಲ್ಲಿ ಉಂಟಾಗುವ ಒಂದು ಬಗೆಯ ಸೋರಿಕೆ ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ಗಾಳಿಯು ಹೊರಗಿನಿಂದ ಒಳಕ್ಕೆ ಸೋರುವುದು. ಗ್ಯಾರೇಜಿನ ಮಾತಿನಲ್ಲಿ ಇದು ವ್ಯಾಕ್ಯೂಮ್ ಲೀಕು. ನಾವು ನಿರ್ವಾತ ಸೋರಿಕೆ ಎನ್ನೋಣ.

ಸಿಲಿಂಡರಿನೊಳಗೆ ಪಿಸ್ಟನ್ನು ಕೆಳಗಿಳಿಯುವಾಗ ಪಿಚಕಾರಿಯಂತೆ ಗಾಳಿಯನ್ನು ಎಳೆದುಕೊಳ್ಳುವುದು. ಗಾಳಿ ಬರುವ ದಾರಿಯಲ್ಲಿ ಥ್ರಾಟಲ್ ಎಂಬ ಕದವೊಂದಿದೆ. ಕಾರು ನಿಂತು ಎಂಜಿನು ಮಂದಗತಿಯಲ್ಲಿ ತಿರುಗುತ್ತಿರುವಾಗ ಈ ಕದ ಬಹುಮಟ್ಟಿಗೆ ಮುಚ್ಚಿರುವುದು. ಆದಕಾರಣ ಕದದಿಂದ ಸಿಲಿಂಡರಿಗೆ ಹೋಗುವ ಕೊಳವೆಯಲ್ಲಿ, ಎಂದರೆ ಮ್ಯಾನಿಫೋಲ್ಡಿನಲ್ಲಿ, ಒತ್ತಡವು ಬಹಳ ಕುಗ್ಗುವುದು. ಸಮುದ್ರಮಟ್ಟದ ಊರಿನಲ್ಲಿ ಆರೋಗ್ಯವಾದ ಎಂಜಿನಿಗೆ ನಿರ್ವಾತಮಾಪಕವನ್ನು ಜೋಡಿಸಿದರೆ ಮುಳ್ಳು ಸಾಮಾನ್ಯವಾಗಿ 17ರಿಂದ 21 ಅಂಗುಲ ಪಾದರಸವನ್ನು ತೋರಿಸುವುದು. ಅಕ್ಕೋಳ, ನಿಪ್ಪಾಣಿಗಳ ಸೀಮೆ ಸುಮಾರು 2,000 ಅಡಿ ಎತ್ತರದಲ್ಲಿದೆ. ಅಲ್ಲಿ ವಾಯುಭಾರವೇ 30 ಅಂಗುಲಕ್ಕೆ ಬದಲಾಗಿ ಸುಮಾರು 28. ಮುಳ್ಳು ಅಷ್ಟೇ, ಎಂದರೆ 2 ಅಂಗುಲದಷ್ಟು, ಕೆಳಗೆ ನಿಲ್ಲುವುದು ಸಹಜ. ಪುಸ್ತಕದ ಅಂಕಿಯನ್ನೇ ನಂಬಿ ಅಲ್ಲಿನ ಎಂಜಿನನ್ನು ಬಿಚ್ಚಹೊರಡುವುದು ವ್ಯರ್ಥ ಶ್ರಮ.

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಕಾರ್ಬುರೇಟರು ತನ್ನ ಮೂಲಕ ಹಾದುಹೋದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಬೆರೆಸುವುದು. ಬಿರುಕಿನಿಂದ ನುಗ್ಗಿದ ಕಳ್ಳಗಾಳಿಯ ಲೆಕ್ಕ ಅದಕ್ಕೆ ಸಿಗದು. ಮಿಶ್ರಣ ತೆಳುವಾಗಿ ಎಂಜಿನು ನಡುಗುವುದು, ಕೆಮ್ಮುವುದು, ಕೊನೆಗೆ ನಿಂತೇಹೋಗುವುದು. ಈಚಿನ ಕಾರುಗಳ ಗಣಕವು ಸ್ವಲ್ಪಮಟ್ಟಿಗೆ ಇದನ್ನು ಸರಿದೂಗಿಸುವುದುಂಟು. ಆಗದಿದ್ದರೆ ಎಚ್ಚರಿಕೆಯ ದೀಪವನ್ನು ಬೆಳಗುವುದು.

ಇಲ್ಲೊಂದು ವಿಚಿತ್ರವಿದೆ. ನಿಂತಾಗ ಇಷ್ಟೆಲ್ಲ ತೊಂದರೆ ಕೊಡುವ ಎಂಜಿನು ಹೆದ್ದಾರಿಯಲ್ಲಿ ಸರಾಗವಾಗಿ ಓಡುವುದು. ಏಕೆ? 800 ಘನ ಸೆಂಟಿಮೀಟರಿನ ಎಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆನ್ನಿ. ಎರಡು ಸುತ್ತಿಗೊಮ್ಮೆ ಉಸಿರೆಳೆಯುವುದರಿಂದ ನಿಮಿಷಕ್ಕೆ 320 ಲೀಟರು ಆಯಿತು. ಆದರೆ ಅದು ತೆಳುವಾದ ಗಾಳಿ. ಹೊರಗಿನ ಒತ್ತಡದಲ್ಲಿ ಅಳೆದರೆ ಸುಮಾರು 125 ಲೀಟರು ಮಾತ್ರ. 2 ಮಿಲಿಮೀಟರು ವ್ಯಾಸದ ರಂಧ್ರವೊಂದರಿಂದಲೇ ಆಗ ನಿಮಿಷಕ್ಕೆ 20 ಲೀಟರಿಗೂ ಮಿಕ್ಕ ಗಾಳಿ ಒಳನುಗ್ಗಬಲ್ಲದು. ಕದವನ್ನು ಪೂರ್ತಿ ತೆರೆದು 3,000 ಸುತ್ತಿನಲ್ಲಿ ಓಡಿಸಿದಾಗ ಎಂಜಿನಿಗೆ ಬೇಕಾಗುವುದು ಸಾವಿರಕ್ಕೂ ಹೆಚ್ಚು ಲೀಟರು. ಜೊತೆಗೆ ಒಳಹೊರಗಿನ ಒತ್ತಡದ ಅಂತರವೂ ಇಳಿದಿರುವುದರಿಂದ ಸೋರಿಕೆ ಲೆಕ್ಕಕ್ಕೇ ಬಾರದು.

ಹಾಗೆಂದು ಉದಾಸೀನ ಮಾಡುವಂತಿಲ್ಲ. ಬ್ರೇಕಿಗೆ ಬಲ ತುಂಬುವ ಬೂಸ್ಟರು ಸಹ ಈ ನಿರ್ವಾತವನ್ನೇ ನೆಚ್ಚಿರುವುದು. ಅದರೊಳಗಿನ ಪೊರೆಯ ವ್ಯಾಸ 20 ಸೆಂಟಿಮೀಟರಾದರೆ ವಿಸ್ತೀರ್ಣ 314 ಚದರ ಸೆಂಟಿಮೀಟರು. 17 ಅಂಗುಲದ ನಿರ್ವಾತದಲ್ಲಿ ವಾಯುಮಂಡಲವು ಅದನ್ನು 180 ಕಿಲೋಗ್ರಾಂ ತೂಕಕ್ಕೂ ಮಿಕ್ಕ ಬಲದಿಂದ ಒತ್ತಬಲ್ಲದು. ನಿಪ್ಪಾಣಿಯಿಂದ ದಕ್ಷಿಣಕ್ಕೆ ಬೆಳಗಾವಿಯ ಹಾದಿಯಲ್ಲಿ, ಸ್ತವನಿಧಿಯ ಬಳಿ, ತವಂದಿ ಘಾಟು ಇದೆಯಷ್ಟೆ. ಬೂಸ್ಟರಿನ ಕೊಳವೆ ಸೀಳಿದ್ದರೆ ಅಂಥ ಇಳಿಜಾರಿನಲ್ಲಿ ಬ್ರೇಕು ಕಲ್ಲಿನಂತೆ ಗಟ್ಟಿಯಾಗುವುದು. ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನನ್ನೇ ಆರಿಸುವವರೂ ಇದ್ದಾರೆ! ಕೂಡಿಟ್ಟ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿಯುವುದೆಂಬುದು ಅವರಿಗೆ ತಿಳಿದಂತಿಲ್ಲ.

ಬೂಸ್ಟರನ್ನು ಪರೀಕ್ಷಿಸುವುದು ಸುಲಭ. ನಿಂತ ಕಾರಿನ ಎಂಜಿನನ್ನು ಆರಿಸಿ, ಬ್ರೇಕು ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಿರಿ. ಕಾಲನ್ನು ತೆಗೆಯದೆ ಎಂಜಿನನ್ನು ಹೊರಡಿಸಿರಿ. ಕಾಲಡಿಯ ಪೆಡಲು ತುಸು ಕುಸಿಯಬೇಕು. ಕುಸಿಯದಿದ್ದರೆ ಕಾರನ್ನು ರಸ್ತೆಗಿಳಿಸದೆ ಮಿಸ್ತ್ರಿಗೆ ತೋರಿಸತಕ್ಕದ್ದು.

ಉಳಿದ ಸೋರಿಕೆಗಳನ್ನು ಹುಡುಕಲು ಕಿವಿಯೇ ಮೊದಲ ಉಪಕರಣ. ರಬ್ಬರಿನ ಕೊಳವೆಯೊಂದರ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಸಂದುಗೊಂದುಗಳ ಬಳಿ ಆಡಿಸಿದರೆ 'ಸುಯ್' ಎಂಬ ಸದ್ದು ತಾಣವನ್ನು ತಿಳಿಸುವುದು. ಫ್ಯಾನು, ಬೆಲ್ಟುಗಳಿಂದ ಕೈಯೂ ಕೊಳವೆಯೂ ದೂರವಿರಲಿ. ಸಂಶಯವಿರುವ ಕೀಲಿಗೆ ತುಸು ನೀರನ್ನು ಸಿಂಪಡಿಸಿದಾಗ ಎಂಜಿನಿನ ಧ್ವನಿ ಕ್ಷಣಕಾಲ ಬದಲಾದರೆ ಸೋರಿಕೆ ಅಲ್ಲಿಯೇ. ಕೆಲವರು ಪೆಟ್ರೋಲನ್ನೇ ಸಿಂಪಡಿಸುವರು. ಬಿಸಿ ಎಂಜಿನಿನ ಮೇಲೆ ಅದು ಬೆಂಕಿಯನ್ನು ಕರೆದಂತೆಯೇ ಸರಿ. ಎಲ್ಲಕ್ಕಿಂತ ನಿಶ್ಚಿತವಾದುದು ಹೊಗೆಯ ಪರೀಕ್ಷೆ. ಎಂಜಿನನ್ನು ಆರಿಸಿ, ಯಂತ್ರದಿಂದ ಮ್ಯಾನಿಫೋಲ್ಡಿಗೆ ಹೊಗೆಯನ್ನು ತುಂಬಿದರೆ ಅದು ಬಿರುಕಿನಲ್ಲಿ ಎಳೆಯಾಗಿ ಹೊರಬರುವುದು. ತಂಬಾಕಿನ ನಾಡಾದರೇನು, ಈ ಕೆಲಸಕ್ಕೆ ಬೀಡಿಯನ್ನು ಹಚ್ಚಲಾಗದು. ಪೆಟ್ರೋಲಿನ ಆವಿ ಪಕ್ಕದಲ್ಲೇ ಇರುವುದು.

ಬಹಳ ಸಲ ದೋಷವೆಂದರೆ ಬಿಸಿಲು-ಶಾಖಗಳಿಂದ ಪೆಡಸಾಗಿ ಸೀಳಿದ ರಬ್ಬರು ಕೊಳವೆ. ನಿರ್ವಾತಕ್ಕೆಂದೇ ಮಾಡಿದ ದಪ್ಪ ಕೊಳವೆಯನ್ನು ಹಾಕಬೇಕು; ತೆಳುವಾದುದು ಒಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುವುದು. ಮ್ಯಾನಿಫೋಲ್ಡಿನ ಗ್ಯಾಸ್ಕೆಟು ಕೆಟ್ಟಿದ್ದರೆ ಎಂಜಿನು ತಣ್ಣಗಾದ ಮೇಲೆ ಬಿಚ್ಚಿ, ಎರಡೂ ಮೈಗಳನ್ನು ಶುಚಿಮಾಡಿ, ಹೊಸದನ್ನಿಟ್ಟು, ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಸಮನಾಗಿ ಬಿಗಿಯಬೇಕು. ಹಳೆಯ ಕಾರುಗಳಲ್ಲಿ ಇನ್ನೂ ಒಂದು ಕೆಲಸ ಉಳಿದಿರುವುದು. ಸೋರಿಕೆಯನ್ನು ಮರೆಸಲೆಂದು ಹಿಂದೆ ಯಾರೋ ಕಾರ್ಬುರೇಟರಿನ ತಿರುಪನ್ನು ತಿರುಗಿಸಿಟ್ಟಿರುತ್ತಾರೆ. ಅದನ್ನು ಮೊದಲಿನ ಸ್ಥಾನಕ್ಕೆ ತಂದಮೇಲೆಯೇ ಮಾಪಕದ ಮುಳ್ಳು ನಡುಗದೆ ನಿಲ್ಲುವುದು.